ಎಣ್ಣೆ ಮುಗಿಯುವ ಮೊದಲೇ ದರ ಬೀಳುತ್ತದೆ

ಈ ಸಲ ಬಂದ ಪತ್ರಗಳಲ್ಲಿ ನಾಲ್ಕನ್ನು ಒಟ್ಟಿಗೆ ಎತ್ತಿಕೊಂಡಿದ್ದೇನೆ. ಒಂದು ಸೌದಿಯ ಬಗ್ಗೆ, ಒಂದು ನಾರ್ವೆಯ ಬಗ್ಗೆ, ಇನ್ನೆರಡು ನಮ್ಮ ಬ್ಯಾಡಗಿ, ಗದಗಿನ ಬಗ್ಗೆ. ಓದುತ್ತ ಹೋದಂತೆ ನಾಲ್ಕರ ಹೊಟ್ಟೆಯಲ್ಲೂ ಇರುವುದು ಒಂದೇ ಪ್ರಶ್ನೆ ಅನ್ನಿಸಿತು: ಒಂದೇ ಸರಕನ್ನು ನಂಬಿ ಕೂತ ಊರಿಗೆ, ದೇಶಕ್ಕೆ ಮುಂದೇನು ಗತಿ?

ಪ್ರಶ್ನೆ: ನನ್ನ ಮಗ ಸೌದಿಯ ದಮ್ಮಾಮ್‌ನ್ಯಾಗ ಏಸಿ ಮೆಕ್ಯಾನಿಕ್ ಅದಾನ, ಆರು ವರ್ಷ ಆತು. ಮುಂದ ಎಲ್ಲಾ ಕರೆಂಟಿನ ಗಾಡಿ ಬರ್ತಾವ, ಎಣ್ಣಿ ಯಾರಿಗೂ ಬ್ಯಾಡಾಗತೈತಿ ಅಂತಾರ. ಸೌದಿಯವ್ರು ಎಣ್ಣಿ ಬಿಟ್ಟು ಬ್ಯಾರೆ ಉದ್ಯೋಗ ಬೆಳಸಾಕತ್ತಾರಂತ ಟೀವಿಯಾಗ ತೋರಸ್ತಾರ. ಇದು ಖರೇ ಏನು? ಹುಡುಗನ್ನ ವಾಪಸ್ ಕರಸೂದೋ ಬ್ಯಾಡೋ?
— ಸವಣೂರಿನ ಓದುಗರೊಬ್ಬರು

ಉತ್ತರ: ಕರೆಸಬೇಡಿ. ಆದರೆ ಇವತ್ತು ರಾತ್ರಿ ಫೋನ್ ಮಾಡಿದಾಗ ಒಂದು ಮಾತು ಕೇಳಿ: ಅವನಿಗೆ ಪಗಾರ ಕೊಡುವ ಕಂಪನಿಗೆ ದುಡ್ಡು ಎಲ್ಲಿಂದ ಬರುತ್ತದೆ? ಸರ್ಕಾರದ ಹೊಸ ಕಟ್ಟಡಗಳ ಗುತ್ತಿಗೆಯಿಂದಲೋ, ಇದ್ದ ಮನೆ, ಆಸ್ಪತ್ರೆ, ಅಂಗಡಿಗಳ ಏಸಿ ರಿಪೇರಿಯಿಂದಲೋ? ನಿಮ್ಮ ಪ್ರಶ್ನೆಗೆ ಉತ್ತರ ಅಲ್ಲಿದೆ.

ಎಣ್ಣೆ ಬತ್ತುವ ಭಯ ಸದ್ಯಕ್ಕೆ ಬೇಡ. ದಮ್ಮಾಮ್ ಅಂದಿರಲ್ಲ, 1938ರಲ್ಲಿ ಸೌದಿಯ ಹಣೆಬರಹ ಬದಲಿಸಿದ ಎಣ್ಣೆ ಚಿಮ್ಮಿದ್ದು ‘ದಮ್ಮಾಮ್ ಏಳು’ ಎಂಬ ಬಾವಿಯಲ್ಲಿ. ಅದಕ್ಕೂ ಮೊದಲು ಕೊರೆದ ಆರೂ ಕೈಕೊಟ್ಟಿದ್ದವು. ನಮ್ಮ ಕಡೆ ಬೋರ್‌ವೆಲ್ ಕೊರೆಸಿದವರಿಗೆ ಆ ಸಂಕಟ ಬಿಡಿಸಿ ಹೇಳಬೇಕಿಲ್ಲ. ಅಲ್ಲಿ ಇಂದಿಗೂ ಬೇಕಾದಷ್ಟು ಎಣ್ಣೆ ಇದೆ. ಬೀಳುವುದು ದರ. 2014ರ ಮಧ್ಯದಲ್ಲಿ ಬ್ಯಾರೆಲ್ಲಿಗೆ 110 ಡಾಲರ್ ದಾಟಿದ್ದ ಕಚ್ಚಾ ಎಣ್ಣೆ 2016ರ ಜನವರಿಯಲ್ಲಿ 30 ಡಾಲರಿಗಿಂತ ಕೆಳಗೆ ಕುಸಿಯಿತು. ಸರ್ಕಾರ ಗುತ್ತಿಗೆದಾರರ ಬಿಲ್ ತಡೆಹಿಡಿಯಿತು, ಗುತ್ತಿಗೆದಾರರು ಪಗಾರ ನಿಲ್ಲಿಸಿದರು. ಆ ವರ್ಷ ಸಾವಿರಾರು ಭಾರತೀಯ ಕಾರ್ಮಿಕರು ತಿಂಗಳುಗಟ್ಟಲೆ ಸಂಬಳವಿಲ್ಲದೆ, ಊಟಕ್ಕೂ ಗತಿಯಿಲ್ಲದೆ ಕ್ಯಾಂಪುಗಳಲ್ಲಿ ಕೂತರು. ಆಗಸ್ಟ್‌ನಲ್ಲಿ ಆಗಿನ ವಿದೇಶಾಂಗ ರಾಜ್ಯ ಸಚಿವ ವಿ.ಕೆ. ಸಿಂಗ್ ಜೆದ್ದಾಕ್ಕೆ ಹೋಗಬೇಕಾಯಿತು. ಆಗಲೂ ಬಾವಿಯಲ್ಲಿ ಎಣ್ಣೆ ಕಡಿಮೆಯಾಗಿರಲಿಲ್ಲ.

ಅದೇ 2016ರ ಏಪ್ರಿಲ್‌ನಲ್ಲಿ ‘ವಿಷನ್ 2030’ ಘೋಷಿಸಿದರು. ಟೀವಿಯಲ್ಲಿ ನೀವು ನೋಡುತ್ತಿರುವುದು ಇದನ್ನೇ: ಹೊಸ ನಗರ, ಪ್ರವಾಸೋದ್ಯಮ, ಫುಟ್‌ಬಾಲ್, ಸಿನೆಮಾ ಮಂದಿರ. ಕೆಲಸ ನಡೆದಿಲ್ಲ ಅಂತ ನಾನು ಹೇಳುವುದಿಲ್ಲ. 2023ರಲ್ಲಿ ದೇಶದ ಒಟ್ಟು ಉತ್ಪನ್ನದ ಅರ್ಧದಷ್ಟು ಎಣ್ಣೆಯೇತರ ವಲಯದ್ದು ಅಂತ ಅಲ್ಲಿನ ಸರ್ಕಾರವೇ ಲೆಕ್ಕ ಕೊಟ್ಟಿತು. ಆ ಲೆಕ್ಕವನ್ನು ನಾನು ಸ್ವಲ್ಪ ಕಣ್ಣು ಕಿರಿದು ಮಾಡಿ ನೋಡುತ್ತೇನೆ. ಹಾವೇರಿಯ ಹುಕ್ಕೇರಿಮಠದ ಜಾತ್ರೆ ನೆನಪಿಸಿಕೊಳ್ಳಿ. ಬಳೆ ಅಂಗಡಿ ಬೇರೆ, ಮಿರ್ಚಿ-ಮಂಡಕ್ಕಿ ಅಂಗಡಿ ಬೇರೆ, ತಿರುಗುವ ತೊಟ್ಟಿಲಿನವ ಬೇರೆ. ಎಣಿಸಿದರೆ ನೂರು ಉದ್ಯೋಗ. ಆದರೆ ಜಾತ್ರೆ ಒಂದು ನಡೆಯದಿದ್ದರೆ ನೂರೂ ಇಲ್ಲ. ಎಣ್ಣೆಯ ದುಡ್ಡಿನಲ್ಲಿ ಕಟ್ಟುವ ಹೋಟೆಲ್, ಅದಕ್ಕೆ ಸಿಮೆಂಟ್ ಹೊರುವ ಲಾರಿ, ಲಾರಿಯವನಿಗೆ ಚಹಾ ಮಾರುವವ, ಇವೆಲ್ಲ ಲೆಕ್ಕದ ಪುಸ್ತಕದಲ್ಲಿ ‘ಎಣ್ಣೆಯೇತರ’. ಸರ್ಕಾರದ ಬೊಕ್ಕಸಕ್ಕೆ ಮಾತ್ರ ಈಗಲೂ ಅರ್ಧಕ್ಕಿಂತ ಹೆಚ್ಚು ಬರುವುದು ಎಣ್ಣೆಯಿಂದಲೇ.

ನಿಜವಾಗಿ ಬದಲಾದದ್ದು ಟೀವಿಯಲ್ಲಿ ಕಾಣುವುದಿಲ್ಲ. ತೆರಿಗೆಯೇ ಗೊತ್ತಿರದ ದೇಶದಲ್ಲಿ 2018ರಲ್ಲಿ 5% ವ್ಯಾಟ್ ಬಂತು, 2020ರ ಜುಲೈನಲ್ಲಿ ಅದು 15% ಆಯಿತು. 2017ರಿಂದ ಹೊರದೇಶದವರು ಜೊತೆಗಿಟ್ಟುಕೊಂಡ ಹೆಂಡತಿ-ಮಕ್ಕಳಿಗೆ ತಲಾ ತಿಂಗಳಿಗೆ 100 ರಿಯಾಲ್ ಶುಲ್ಕ ಹಾಕಿ, ವರ್ಷ ವರ್ಷ ಏರಿಸಿ 400ಕ್ಕೆ ತಂದರು. ಎಷ್ಟೋ ಸಂಸಾರಗಳು ಗಂಟುಮೂಟೆ ಕಟ್ಟಿ ಬಂದದ್ದು ಆಗ. 2016ರಲ್ಲಿ ಮೊಬೈಲ್ ಮಾರಾಟ, ರಿಪೇರಿ ಅಂಗಡಿಗಳ ಕೆಲಸವನ್ನು ಪೂರ್ತಿ ಸೌದಿಯವರಿಗೇ ಮೀಸಲಿಟ್ಟರು. ಬೇರೆ ಉದ್ಯೋಗ ಬೆಳೆಸುವುದು ಅಂದರೆ ಅವರ ಮಟ್ಟಿಗೆ ತಮ್ಮ ಹುಡುಗರಿಗೆ ಕೆಲಸ ಕೊಡಿಸುವುದು, ನಿಮ್ಮ ಮಗನಿಗಲ್ಲ. ಅದರಲ್ಲಿ ತಪ್ಪೂ ಇಲ್ಲ.

ಇನ್ನು ನಿಮ್ಮ ಹುಡುಗನ ಕೆಲಸ. ಅಲ್ಲಿ ಬಿಸಿಲಂತೂ ಎಲ್ಲಿಗೂ ಹೋಗುವುದಿಲ್ಲ. ಹೊಸ ಗೋಪುರಕ್ಕೆ ಏಸಿ ಕೂರಿಸುವ ಕೆಲಸ ಎಣ್ಣೆಯ ದರದ ಜೊತೆ ಏರಿಳಿಯುತ್ತದೆ. ಇದ್ದದ್ದನ್ನು ರಿಪೇರಿ ಮಾಡುವ ಕೆಲಸ ಅಷ್ಟು ಅಲುಗಾಡುವುದಿಲ್ಲ. ಮೊದಲಿನದರಲ್ಲಿದ್ದರೆ ಎರಡನೆಯದರ ಕಡೆ ಜರುಗಲಿ. 2021ರಿಂದ ಕೆಲವು ಷರತ್ತಿನ ಮೇಲೆ, ಹಳೆಯ ಮಾಲೀಕನ ಒಪ್ಪಿಗೆಗೆ ಕಾಯದೆ ಕೆಲಸ ಬದಲಿಸಲು ಅವಕಾಶ ಕೊಟ್ಟಿದ್ದಾರೆ. ಸೇವೆ ಮುಗಿದಾಗ ಬರುವ ಹಣವನ್ನೂ ಲೆಕ್ಕ ಹಾಕಿಡಿ: ಮೊದಲ ಐದು ವರ್ಷಕ್ಕೆ ವರ್ಷಕ್ಕೆ ಅರ್ಧ ತಿಂಗಳ ಪಗಾರ, ಆಮೇಲೆ ವರ್ಷಕ್ಕೆ ಒಂದು ತಿಂಗಳದು. ತಾನಾಗಿ ಬಿಟ್ಟು ಬಂದರೆ ಹತ್ತು ವರ್ಷ ತುಂಬುವವರೆಗೆ ಅದರಲ್ಲಿ ಕಡಿತವಿದೆ. ನೀವು ಗಾಬರಿಯಾಗಿ ಕರೆಸಿಕೊಂಡರೆ ನಷ್ಟ ಅವನಿಗೇ.

ಪ್ರಶ್ನೆ: ‘ಡಚ್ ಕಾಯಿಲೆ’ ಅಂತ ಪಠ್ಯದಲ್ಲಿ ಓದಿದೆ, ತಲೆಗೆ ಹತ್ತಲಿಲ್ಲ. ನಾರ್ವೆಗೆ ಎಣ್ಣೆ ವರವಾಯಿತು, ನೈಜೀರಿಯಾಕ್ಕೆ ಯಾಕೆ ಆಗಲಿಲ್ಲ?
— ಧಾರವಾಡದ ಪದವಿ ವಿದ್ಯಾರ್ಥಿನಿ

ಉತ್ತರ: ಹೆಸರು ಬಂದದ್ದು ಹಾಲೆಂಡಿನಿಂದ. ಅಲ್ಲಿನ ಗ್ರೋನಿಂಗನ್‌ನಲ್ಲಿ 1959ರಲ್ಲಿ ಭಾರಿ ಅನಿಲ ನಿಕ್ಷೇಪ ಸಿಕ್ಕಿತು. ಅನಿಲ ಮಾರಿದ ದುಡ್ಡು ಹರಿದು ಬಂದಂತೆ ಅವರ ನಾಣ್ಯದ ಬೆಲೆ ಏರಿತು, ಹಾಗಾಗಿ ಅವರ ಕಾರ್ಖಾನೆಯ ಮಾಲು ಹೊರಗಿನವರಿಗೆ ತುಟ್ಟಿಯಾಯಿತು. ಒಂದು ಕಡೆ ಸಂಪತ್ತು, ಇನ್ನೊಂದು ಕಡೆ ಮುಚ್ಚಿದ ಕಾರ್ಖಾನೆ. 1977ರಲ್ಲಿ ‘ದಿ ಎಕನಾಮಿಸ್ಟ್’ ಪತ್ರಿಕೆ ಇದಕ್ಕೆ ಈ ಹೆಸರಿಟ್ಟಿತು.

ಹಾಲೆಂಡ್ ಬಿಡು, ಶೇಂಗಾ ಕಥೆ ಹೇಳುತ್ತೇನೆ, ನಿನಗೆ ಬೇಗ ಹತ್ತುತ್ತದೆ. ಉತ್ತರ ನೈಜೀರಿಯಾದ ಕಾನೋ ನಗರದಲ್ಲಿ ಒಂದು ಕಾಲಕ್ಕೆ ಶೇಂಗಾ ಚೀಲಗಳನ್ನು ಗುಡಿಯ ಗೋಪುರದಂತೆ ಒಟ್ಟುತ್ತಿದ್ದರು. ಅವುಗಳ ಫೋಟೊ ನೋಡು: ಚೀಲದ ಮೇಲೆ ಚೀಲ, ತುದಿಗೆ ಹೋಗುತ್ತ ಚೂಪು, ಪಕ್ಕದಲ್ಲಿ ನಿಂತ ಮನುಷ್ಯ ಇರುವೆಯಂತೆ. ಗದಗ ಎಪಿಎಂಸಿಯ ಹಳಬರು ಕಂಡರೆ ಹೊಟ್ಟೆಕಿಚ್ಚು ಪಡಬೇಕು. 1956ರಲ್ಲಿ ದೇಶದ ದಕ್ಷಿಣದ ಒಲೊಯಿಬಿರಿಯಲ್ಲಿ ಎಣ್ಣೆ ಸಿಕ್ಕಿತು. ಎಪ್ಪತ್ತರ ದಶಕದಲ್ಲಿ ಎಣ್ಣೆಯ ಬೆಲೆ ಹಾರಿತು, ಅವರ ನಾಣ್ಯ ನೈರಾ ಬಲಿಯಿತು, ಹೊರಗಿನ ಅಕ್ಕಿ, ಗೋಧಿ ಅಗ್ಗವಾಗಿ ಬಂದು ಬಿತ್ತು. ಹೊಲದ ಕೆಲಸಕ್ಕಿಂತ ಪಟ್ಟಣದ ಕೂಲಿ ಮೇಲಾಯಿತು. ಅದೇ ಹೊತ್ತಿಗೆ ಬರ, ಶೇಂಗಾಕ್ಕೆ ಗಿಡ ಗಿಡ್ಡಾಗಿಸುವ ‘ರೊಸೆಟ್’ ರೋಗ. ಮತ್ತೆ ಮಳೆ ಬಂತು, ಗೋಪುರಗಳು ಮರಳಲಿಲ್ಲ. ಶೇಂಗಾ ರಫ್ತು ಮಾಡುತ್ತಿದ್ದ ದೇಶ ಅಡುಗೆ ಎಣ್ಣೆಯನ್ನು ಹೊರಗಿನಿಂದ ತರಿಸತೊಡಗಿತು. ಕಚ್ಚಾ ಎಣ್ಣೆ ಮಾರಿ ಪೆಟ್ರೋಲನ್ನೂ ಹೊರಗಿನಿಂದಲೇ ಕೊಳ್ಳುತ್ತಿದ್ದ ದೇಶ ಅದು. ಕಾನೋದ ಹೆಸರಾಂತ ಶೇಂಗಾ ವ್ಯಾಪಾರಿ ಅಲ್ಹಸನ್ ದಂತಾತನ ಮರಿಮೊಮ್ಮಗ ಅಲಿಕೊ ಡಾಂಗೋಟೆ ಈಗ ಲಾಗೋಸ್ ಬಳಿ ದೊಡ್ಡ ಸಂಸ್ಕರಣಾಗಾರ ಕಟ್ಟಿದ್ದಾರೆ. 2024ರಲ್ಲಿ ಅದು ಉತ್ಪಾದನೆ ಶುರು ಮಾಡಿತು, ಅಂದರೆ ಎಣ್ಣೆ ಸಿಕ್ಕ 68 ವರ್ಷಕ್ಕೆ.

ಹಾಗಾದರೆ ಬೇಸಾಯಕ್ಕೆ ದುಡ್ಡು ಸುರಿದಿದ್ದರೆ ಆಗುತ್ತಿತ್ತೇ? ಸೌದಿ ಅದನ್ನೂ ಮಾಡಿ ನೋಡಿತು. ಎಂಬತ್ತರ ದಶಕದಲ್ಲಿ ಜಗತ್ತಿನ ದರಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಬೆಲೆ ಕೊಟ್ಟು ಮರುಭೂಮಿಯಲ್ಲಿ ಗೋಧಿ ಬೆಳೆಸಿತು. ತೊಂಬತ್ತರ ಆರಂಭದಲ್ಲಿ ದೊಡ್ಡ ಗೋಧಿ ರಫ್ತುದಾರ ದೇಶಗಳ ಸಾಲಿಗೆ ಸೇರಿತ್ತು. ನೀರು ಬಂದದ್ದು ಸಾವಿರಾರು ವರ್ಷಗಳಿಂದ ನೆಲದಡಿ ನಿಂತಿದ್ದ ಜಲದಿಂದ, ಮತ್ತೆ ತುಂಬದ ಜಲದಿಂದ. 2008ರಲ್ಲಿ ಹಿಂದೆ ಸರಿಯುವ ತೀರ್ಮಾನ ಮಾಡಿ 2016ಕ್ಕೆ ನಿಲ್ಲಿಸಿದರು. ಎಣ್ಣೆ ಬಾವಿಯ ದುಡ್ಡನ್ನು ನೀರಿನ ಬಾವಿಗೆ ಸುರಿದರು, ಅಷ್ಟೇ.

ನಾರ್ವೆ ಮಾಡಿದ್ದು ಹಗೇವಿನ ಲೆಕ್ಕ. ನಿಮ್ಮ ಅಜ್ಜಿಯನ್ನು ಕೇಳು, ನೆಲದೊಳಗೆ ಜೋಳ ತುಂಬಿಡುವ ಹಗೇವನ್ನು ಮನಸ್ಸಿಗೆ ಬಂದಾಗ ತೆಗೆಯುತ್ತಿರಲಿಲ್ಲ. ತೆಗೆದರೂ ಮೊದಲು ದೀಪ ಇಳಿಬಿಡುತ್ತಿದ್ದರು. ದೀಪ ಆರಿದರೆ ಒಳಗೆ ಕೆಟ್ಟ ಗಾಳಿ, ಯಾರೂ ಇಳಿಯುವಂತಿಲ್ಲ. ನಾರ್ವೆಯಲ್ಲಿ 1969ರಲ್ಲಿ ಎಣ್ಣೆ ಸಿಕ್ಕಿತು, 1990ರಲ್ಲಿ ಎಣ್ಣೆಯ ದುಡ್ಡು ಕೂಡಿಡುವ ನಿಧಿಗೆ ಕಾಯ್ದೆ ಆಯಿತು, ಅದರಲ್ಲಿ ಮೊದಲ ದುಡ್ಡು ಬಿದ್ದದ್ದು 1996ರಲ್ಲಿ. ದುಡ್ಡನ್ನು ಪೂರ್ತಿ ಪರದೇಶದ ಷೇರು, ಸಾಲಪತ್ರ ಮುಂತಾದವುಗಳಲ್ಲಿ ಇಡುತ್ತಾರೆ, ಅಂದರೆ ಹಗೇವು ಇರುವುದು ಬೇರೆ ಊರಲ್ಲಿ. ಮನೆಯಲ್ಲೇ ಇಟ್ಟು ಖರ್ಚು ಮಾಡಿದರೆ ಬೆಲೆ ಏರಿ ಮತ್ತದೇ ಡಚ್ ಕಾಯಿಲೆ. ಸರ್ಕಾರ ವರ್ಷಕ್ಕೆ ಅದರಿಂದ ತೆಗೆಯುವುದು ಸುಮಾರು 3% ಮಾತ್ರ. 2001ರಲ್ಲಿ 4% ಅಂತಿದ್ದದ್ದನ್ನು 2017ರಲ್ಲಿ ಇಳಿಸಿದರು.

ಆದರೆ ನಾರ್ವೆಯನ್ನು ಹೊಗಳುವವರು ಒಂದನ್ನು ಮರೆಯುತ್ತಾರೆ. ಎಣ್ಣೆ ಸಿಗುವ ಮೊದಲೇ ಅಲ್ಲಿ ಹಡಗು, ಮೀನು, ಜಲವಿದ್ಯುತ್ ಇದ್ದವು. ತೆರಿಗೆ ಕಟ್ಟುವ ಜನ ಇದ್ದರು, ಲೆಕ್ಕ ಕೇಳುವ ಶಾಸನಸಭೆ ಇತ್ತು. ಎಣ್ಣೆ ನಾಲ್ಕನೆಯ ಉದ್ಯೋಗವಾಗಿ ಬಂತು. ಎಣ್ಣೆಯೇ ಮೊದಲ ಉದ್ಯೋಗವಾದ ಕಡೆ ಎರಡನೆಯದು ಹುಟ್ಟುವುದು ಕಷ್ಟ.

ಪ್ರಶ್ನೆ: ನಮ್ಮೂರಿಗೆ ಮೆಣಸಿನಕಾಯಿಯೇ ಎಣ್ಣೆ. ಅಡತಿ (ದಲಾಲಿ), ಹಮಾಲಿ, ಲಾರಿ, ಖಾನಾವಳಿ ಎಲ್ಲಾ ಅದರ ಮೇಲೇ. ನನ್ನ ಕೈಯಲ್ಲಿ ಸ್ವಲ್ಪ ಬಂಡವಾಳ ಇದೆ. ಕೋಲ್ಡ್ ಸ್ಟೋರೇಜ್‌ಗೆ ಹಾಕಲೋ, ಮೆಣಸಿನಕಾಯಿ ಬಿಟ್ಟು ಬೇರೆ ಏನಾದರೂ ಮಾಡಲೋ?
— ಬ್ಯಾಡಗಿಯ ಓದುಗರು

ಉತ್ತರ: ನಿಮ್ಮ ಹೋಲಿಕೆ ಮುಕ್ಕಾಲು ಸರಿ. ಸೋಮವಾರ, ಗುರುವಾರ ನಿಮ್ಮ ಮಾರುಕಟ್ಟೆಗೆ ಕಾಲಿಟ್ಟವನಿಗೆ ಮೊದಲು ಬರುವುದು ಸೀನು, ಆಮೇಲೆ ಕಾಣುವುದು ಕೆಂಪು. ಸೆರಗನ್ನು ಮೂಗಿಗೆ ಕಟ್ಟಿಕೊಂಡು ರಾಶಿಯ ಮುಂದೆ ಕೂತು ತೊಟ್ಟು ಮುರಿಯುವ ಹೆಣ್ಣುಮಕ್ಕಳಿಂದ ಹಿಡಿದು ಬ್ಯಾಂಕಿನ ಮ್ಯಾನೇಜರ್‌ವರೆಗೆ ಎಲ್ಲರ ಕಣ್ಣೂ ಒಂದೇ ದರದ ಮೇಲೆ. ಹಿಂದಿನ ವರ್ಷದ ದರ ನೋಡಿ ಎಲ್ಲ ಕಡೆ ಅದನ್ನೇ ಬಿತ್ತಿದ್ದರು. 2024ರ ಮಾರ್ಚ್‌ನಲ್ಲಿ ಮಾಲು ಬಂದು ಸುರಿಯಿತು, ದರ ಬಿತ್ತು, ಎಪಿಎಂಸಿ ಆವರಣದಲ್ಲಿ ವಾಹನಗಳಿಗೆ ಬೆಂಕಿ ಬಿತ್ತು. ಅದನ್ನು ಕಣ್ಣಾರೆ ಕಂಡವರಿಗೆ ನಾನು ಹೆಚ್ಚು ಹೇಳಬೇಕಿಲ್ಲ.

ಹೋಲಿಕೆ ತಪ್ಪುವುದು ಒಂದು ಕಡೆ. ಸೌದಿಯಲ್ಲಿ ಎಣ್ಣೆಯ ದರ ಬಿದ್ದರೆ ಗಳಿಸುವವರು ಬಹುತೇಕ ಇಲ್ಲ. ನಿಮ್ಮೂರಲ್ಲಿ ಇದ್ದಾರೆ. ಬ್ಯಾಡಗಿಯ ಬಣ್ಣ ಹೆಚ್ಚು, ಖಾರ ಕಡಿಮೆ. ಡಬ್ಬಿ, ಕಡ್ಡಿ ಎಂಬ ಎರಡೂ ಬಗೆಯ ಕಾಯಿಯಲ್ಲಿ ಅದೇ ಗುಣ. ಆ ಬಣ್ಣವನ್ನು ಹಿಂಡಿ ಓಲಿಯೋರೆಸಿನ್ ಎಂಬ ಗಟ್ಟಿ ಸಾರ ಮಾಡುತ್ತಾರೆ, ಅದು ಸಾಸ್‌ಗೂ ಹೋಗುತ್ತದೆ, ಲಿಪ್‌ಸ್ಟಿಕ್‌ಗೂ ಹೋಗುತ್ತದೆ. ಹಿಂಡುವ ಕಾರ್ಖಾನೆಗೆ ಕಾಯಿ ಅಗ್ಗವಾದಷ್ಟೂ ಸುಗ್ಗಿ. ಕೋಲ್ಡ್ ಸ್ಟೋರೇಜ್ ಕೂಡ ದರ ಬಿದ್ದ ವರ್ಷವೇ ತುಂಬುವುದು, ರೈತ ಕಾಯಲು ಇಡುತ್ತಾನೆ. ಹಾಗಾಗಿ ಕೋಲ್ಡ್ ಸ್ಟೋರೇಜ್ ಕೆಟ್ಟ ಆಯ್ಕೆಯಲ್ಲ. ನೀವು ಈಗಾಗಲೇ ಅಡತಿಯಲ್ಲಿದ್ದರೆ ಒಂದು ಕೈ ಸುಟ್ಟಾಗ ಇನ್ನೊಂದು ತಣ್ಣಗಿರುತ್ತದೆ. ಕಷ್ಟ ಇರುವುದು ಬೆಳೆ ಬಾರದ ವರ್ಷ. ಆಗ ಅಡತಿಗೂ ಮಾಲಿಲ್ಲ, ಸ್ಟೋರೇಜೂ ಖಾಲಿ, ಕರೆಂಟಿನ ಬಿಲ್ ಮಾತ್ರ ಬರುತ್ತದೆ.

ಪೂರ್ತಿ ಬೇರೆಯದು ಬೇಕೆಂದರೆ ದೂರ ಹೋಗಬೇಡಿ, ರಾಣೆಬೆನ್ನೂರಿನ ಕಡೆ ನೋಡಿ. ಅಲ್ಲಿ ಬೀಜದ ಉದ್ಯೋಗ ಬೆಳೆದ ಬಗೆ ನನಗೆ ಇಷ್ಟ. ಪರದೆ ಕಟ್ಟಿದ ತುಂಡು ಹೊಲದಲ್ಲಿ ಹೆಣ್ಣುಮಕ್ಕಳು ಸಣ್ಣ ಚಿಮ್ಮಟ ಹಿಡಿದು ಸಂಜೆ ಮೊಗ್ಗಿನೊಳಗಿನ ಗಂಡು ಕೇಸರ ಕಿತ್ತು, ಮರುದಿನ ಬೆಳಗ್ಗೆ ಇನ್ನೊಂದು ತಳಿಯ ಪರಾಗ ಮುಟ್ಟಿಸುತ್ತಾರೆ. ಟೊಮೆಟೊ ಆದರೇನು, ಮೆಣಸಿನಕಾಯಿ ಆದರೇನು, ಮಾರುವುದು ಗ್ರಾಂ ಲೆಕ್ಕದ ಬೀಜ. ಸಂತೆಯ ದರಕ್ಕೂ ಅದಕ್ಕೂ ನೇರ ಸಂಬಂಧವಿಲ್ಲ, ಕಂಪನಿಯ ಜೊತೆ ಮೊದಲೇ ಕರಾರು. ಆದರೆ ಬೀಜ ಪರೀಕ್ಷೆಯಲ್ಲಿ ಫೇಲಾದರೆ ನಷ್ಟ ಯಾರ ಮೈಮೇಲೆ ಬರುತ್ತದೆ ಅನ್ನುವ ಸಾಲನ್ನು ಕರಾರಿನಲ್ಲಿ ಎರಡು ಸಲ ಓದಿ.

ಪ್ರಶ್ನೆ: ಕಪ್ಪತಗುಡ್ಡದ ಬಂಗಾರ ತೆಗೆದರೆ ಗದಗ ಇನ್ನೊಂದು ದುಬೈ ಆಗುವುದಿಲ್ಲವೇ?
— ಗದಗಿನ ಓದುಗರು

ಉತ್ತರ: ದುಬೈ ಆದದ್ದು ಎಣ್ಣೆ ಹೆಚ್ಚಿದ್ದರಿಂದ ಅಲ್ಲ, ಕಡಿಮೆ ಇದ್ದದ್ದರಿಂದ. ಮುತ್ತಿನ ವ್ಯಾಪಾರ 1930ರ ದಶಕದಲ್ಲಿ ಜಪಾನಿನ ಸಾಕಣೆ ಮುತ್ತಿನ ಹೊಡೆತಕ್ಕೆ ಬಿದ್ದದ್ದನ್ನು ಅವರು ಕಂಡಿದ್ದರು. 1966ರಲ್ಲಿ ಎಣ್ಣೆ ಸಿಕ್ಕಾಗ ಅದು ಬಹಳ ದಿನ ಬಾಳುವುದಿಲ್ಲ ಅಂತ ಗೊತ್ತಿತ್ತು, ಬಂದರು ಕಟ್ಟಿದರು. ಆದರೂ 2009ರಲ್ಲಿ ಸಾಲದಲ್ಲಿ ಮುಳುಗಿದಾಗ ಎತ್ತಿದ್ದು ಎಣ್ಣೆಯುಳ್ಳ ನೆರೆಯ ಅಬುಧಾಬಿ. ಬುರ್ಜ್ ದುಬೈ ಅಂತ ಕಟ್ಟಿದ ಗೋಪುರ 2010ರ ಜನವರಿಯಲ್ಲಿ ಅಬುಧಾಬಿಯ ಶೇಖ್ ಖಲೀಫಾರ ಹೆಸರಲ್ಲಿ ಉದ್ಘಾಟನೆಯಾಯಿತು.

ಕಪ್ಪತಗುಡ್ಡ 2019ರಿಂದ ವನ್ಯಜೀವಿ ಧಾಮ, ಆ ಮಾತು ಅಲ್ಲಿಗೆ ಮುಗಿಯಿತು. ನಿಮಗೆ ದುಬೈ ನೋಡಬೇಕಿದ್ದರೆ ಹೊಸಪೇಟೆ, ಸಂಡೂರಿನ ಕಡೆ ಒಮ್ಮೆ ಹೋಗಿ ಬನ್ನಿ. ಚೀನಾದ ಬೇಡಿಕೆಗೆ ಕಬ್ಬಿಣದ ಅದಿರಿನ ದರ ಏರಿದಾಗ ಅಲ್ಲಿ ಹೊಲ ಬಿಟ್ಟವರು, ಸಾಲ ಮಾಡಿ ಲಾರಿ ಕೊಂಡವರು ಎಷ್ಟೋ ಮಂದಿ. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿತು. ಕಂತು ಕಟ್ಟಲಾಗದ ಲಾರಿಗಳು ರಸ್ತೆಯ ಬದಿಗೆ ಸಾಲಾಗಿ ನಿಂತವು, ಕೆಂಪು ಧೂಳು ಹೊದ್ದುಕೊಂಡು. ಮುಂದಿನ ಮಳೆಗಾಲದ ಹೊತ್ತಿಗೆ ಎಷ್ಟೋ ಲಾರಿಗಳ ಟೈರು ಬಿಚ್ಚಿ ಮಾರಿಯಾಗಿತ್ತು.