ಸಂಪಾದಕರ ಉತ್ತರ: ತತ್ತ್ವಪದಗಳು ತರಗತಿಗೆ ಬರುವ ದಾರಿ

ಮಾನ್ಯರೇ,

ಸಿಂಧನೂರಿನಿಂದ ನೀವು ಬರೆದ ಪತ್ರವನ್ನು ಎರಡು ಸಲ ಓದಿದೆ. ಪದವಿ ಕಾಲೇಜಿನಲ್ಲಿ ಕನ್ನಡ ಕಲಿಸುವ ನಿಮಗೆ ಎರಡು ಸಂಗತಿಗಳು ನೋವು ತಂದಿವೆ. ನಮ್ಮ ಸೀಮೆಯ ತತ್ತ್ವಪದ (ಗುರುವನ್ನು ನೆನೆದು ಹಾಡುವ ಅನುಭಾವದ ಹಾಡು), ಬುರ್ರಕಥೆ (ವಾದ್ಯ ನುಡಿಸುತ್ತ ಹಾಡಿ ಹೇಳುವ ಕಥೆ), ಮೊಹರಂ ಪದಗಳಿಗೆ ಎಂ.ಎ. ಪಠ್ಯದಲ್ಲಿ ಜಾನಪದ ಪತ್ರಿಕೆಯ ಒಂದು ಮೂಲೆಯಷ್ಟೇ ಸಿಗುತ್ತದೆ. ಹುಡುಗರು ಉತ್ತರಪತ್ರಿಕೆಯಲ್ಲಿ ಮನೆಮಾತಿನ ರೂಪ ಬಳಸಿದರೆ ಅಂಕ ಕಡಿಮೆಯಾಗುತ್ತದೆ. ಇವೆರಡಕ್ಕೂ ಪಠ್ಯವನ್ನು ನಿರ್ಧರಿಸುವ ವಿಶ್ವವಿದ್ಯಾಲಯದ ಅಧ್ಯಯನ ಮಂಡಳಿಗಳೇ ಹೊಣೆ ಎನ್ನುತ್ತೀರಿ. ನಿಮ್ಮ ನೋವು ನನ್ನದೂ ಹೌದು. ಆದರೆ ಹೊಣೆಯ ವಿಷಯದಲ್ಲಿ ನನ್ನ ಅಭಿಪ್ರಾಯ ಬೇರೆ.

ಮಂಡಳಿಯ ಸಭೆ ಸೇರುವ ಹೊತ್ತಿಗೆ ಮುಖ್ಯ ತೀರ್ಮಾನ ಆಗಿಹೋಗಿರುತ್ತದೆ. ನಂಬಿಕೆಗೆ ಅರ್ಹವಾದ, ಪಾಠಾಂತರಗಳನ್ನು (ಪ್ರತಿಯಿಂದ ಪ್ರತಿಗೆ ಬದಲಾಗುವ ರೂಪಗಳನ್ನು) ಪರಿಶೀಲಿಸಿದ, ಅರ್ಥಕೋಶವಿರುವ ಮುದ್ರಿತ ಪಠ್ಯ ಯಾವುದಕ್ಕೆ ಇದೆಯೋ ಅದನ್ನೇ ಕಲಿಸಲಾಗುತ್ತದೆ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗವು ಕನ್ನಡದ ತಿರುಳಿನ ನಾಡನ್ನು ಗುರುತಿಸುವಾಗ ಕೊಪಣನಗರವನ್ನೂ ಹೆಸರಿಸುತ್ತದೆ ಎಂದು ಕೊಪ್ಪಳದವರು ಇಂದು ಅಭಿಮಾನದಿಂದ ಹೇಳಿಕೊಳ್ಳುತ್ತಾರೆ. ಕೆ. ಬಿ. ಪಾಠಕರು 1898ರಲ್ಲಿ ಆ ಗ್ರಂಥವನ್ನು ಸಂಪಾದಿಸಿ ಅಚ್ಚಿಗೆ ಕೊಡುವ ತನಕ ಓಲೆಗರಿಯಲ್ಲಿದ್ದ ಆ ಮಾತು ಎಷ್ಟು ಜನರಿಗೆ ತಿಳಿದಿತ್ತು? ವಚನಗಳ ಕಥೆಯಂತೂ ಇನ್ನೂ ಸ್ಪಷ್ಟವಾಗಿದೆ. ಮಠಮನೆಗಳಲ್ಲಿದ್ದ ತಾಡೋಲೆಗಳನ್ನು ಹುಡುಕಿ 1923ರಲ್ಲಿ 'ವಚನಶಾಸ್ತ್ರಸಾರ'ದ ಮೊದಲ ಭಾಗ ಹೊರತಂದ ಫ. ಗು. ಹಳಕಟ್ಟಿಯವರು ವೃತ್ತಿಯಿಂದ ವಕೀಲರು. ಯಾವ ವಿಶ್ವವಿದ್ಯಾಲಯದ ಪೀಠದಲ್ಲೂ ಕುಳಿತವರಲ್ಲ. 1926ರಲ್ಲಿ ಬಳ್ಳಾರಿಯ ಸಾಹಿತ್ಯ ಸಮ್ಮೇಳನ ಅವರನ್ನು ಅಧ್ಯಕ್ಷರನ್ನಾಗಿ ಕೂರಿಸಿತು. ವಚನಗಳು ತರಗತಿಗೆ ಬಂದದ್ದೂ, ವಿದ್ವಾಂಸರು ಪರಿಷ್ಕರಣಗಳನ್ನು ಸಿದ್ಧಪಡಿಸಿದ್ದೂ, 1993ರಲ್ಲಿ ಸರ್ಕಾರವೇ 15 ಸಂಪುಟಗಳಲ್ಲಿ ಸಮಗ್ರ ವಚನಗಳನ್ನು ತಂದದ್ದೂ ಆ ಮೊದಲ ದುಡಿಮೆಯ ಮುಂದುವರಿಕೆ.

ನಿಮ್ಮ ಜಿಲ್ಲೆಯಲ್ಲೇ ಇನ್ನೊಂದು ಸಾಕ್ಷ್ಯವಿದೆ. ಮಾನ್ವಿಯ ಜಗನ್ನಾಥದಾಸರು ಭಾಮಿನಿ ಷಟ್ಪದಿಯಲ್ಲಿ ರಚಿಸಿದ ಹರಿಕಥಾಮೃತಸಾರಕ್ಕೆ ಶಿಷ್ಯಪರಂಪರೆಯಲ್ಲಿ ಪ್ರತಿಗಳೂ ವ್ಯಾಖ್ಯಾನಗಳೂ ಬೆಳೆದುಬಂದವು. ಆದ್ದರಿಂದ ಅದನ್ನು ಕಲಿಸಬಯಸುವ ಅಧ್ಯಾಪಕನಿಗೆ ಪಠ್ಯ ಕೈಗೆ ಸಿಗುತ್ತದೆ. ಅದೇ ಸೀಮೆಯ ತತ್ತ್ವಪದಕಾರರ ಅನೇಕ ಹಾಡುಗಳು ಭಜನಾ ಮೇಳದವರ ನೋಟ್‌ಬುಕ್ಕಿನಲ್ಲಿಯೇ ಉಳಿದಿವೆ.

ಅಂಥ ನೋಟ್‌ಬುಕ್ಕನ್ನು ನೀವೂ ನೋಡಿರುತ್ತೀರಿ. ಸಾಲು ಎಲ್ಲಿ ಮುಗಿಯಿತೆಂಬ ಗುರುತಿಲ್ಲ, ಪಲ್ಲವಿಗೆ 'ಪ' ಎಂಬ ಒಂದೇ ಅಕ್ಷರ, ಕೊನೆಗೆ ಗುರುವಿನ ಅಂಕಿತ. ಅಕ್ಷರಗಳು ಬಾಯಲ್ಲಿ ಬಂದ ಹಾಗೆಯೇ ಇರುತ್ತವೆ. ಇದನ್ನು ಅಚ್ಚಿಗೆ ಸಿದ್ಧಪಡಿಸುವವರು ಒಳ್ಳೆಯ ಮನಸ್ಸಿನಿಂದಲೇ 'ಹೋಗ್ಯಾನ' ಎಂಬುದನ್ನು 'ಹೋಗಿದ್ದಾನೆ' ಎಂದು ತಿದ್ದುತ್ತಾರೆ. 5 ಮಾತ್ರೆಯ ಪದ 7 ಮಾತ್ರೆಯಾಗುತ್ತದೆ. ತಾಳ ತಪ್ಪುತ್ತದೆ, ಮುಂದಿನ ಸಾಲಿನ 'ನೋಡ್ಯಾನ'ದೊಂದಿಗೆ ಇದ್ದ ಪ್ರಾಸ ಕಳಚುತ್ತದೆ, ಮತ್ತು ಆ ಪುಸ್ತಕ ಓದಿದ ವಿದ್ಯಾರ್ಥಿಗೆ ತತ್ತ್ವಪದಕಾರರಿಗೆ ಛಂದಸ್ಸಿನ ಹಿಡಿತವಿರಲಿಲ್ಲ ಎನಿಸುತ್ತದೆ. ಪಂಪನ ಒಂದು ಅಕ್ಷರ ಬದಲಿಸಲು ಹತ್ತು ಸಲ ಯೋಚಿಸುವ ಶಿಸ್ತು ನಮ್ಮ ಗ್ರಂಥಸಂಪಾದನೆಯಲ್ಲಿದೆ. ಆ ಶಿಸ್ತನ್ನು ಈ ನೋಟ್‌ಬುಕ್ಕಿಗೂ ಸಲ್ಲಿಸಬೇಕೆಂಬುದೇ ನನ್ನ ಒತ್ತಾಯ.

ಹಾಡುವವರಿಂದಲೇ ಕಾವ್ಯವನ್ನು ದಾಖಲಿಸುವ ಕೆಲಸ ನಮ್ಮಲ್ಲಿ ನಡೆದೇ ಇಲ್ಲವೆಂದಲ್ಲ. ಓದುಬರಹ ಬಾರದ ಬುರ್ರಕಥೆ ಹಾಡುಗಾರ್ತಿ ದರೋಜಿ ಈರಮ್ಮನವರು ಹಾಡಿದ ಕಾವ್ಯಗಳನ್ನು ಹಂಪಿಯ ಕನ್ನಡ ವಿಶ್ವವಿದ್ಯಾಲಯ ಅಚ್ಚಿಗೆ ತಂದು, ಅವರಿಗೆ ನಾಡೋಜ ಗೌರವ ನೀಡಿತು. ಗಂಗಾವತಿಯ ಹತ್ತಿರದ ಕುಮ್ಮಟದುರ್ಗದ ಕುಮಾರರಾಮನ ಕಥೆಯನ್ನು ನಂಜುಂಡ ಕವಿಯ ಕಾವ್ಯದ ಜೊತೆಗೆ ಹಾಡಿನ ಪರಂಪರೆಗಳನ್ನೂ ಇಟ್ಟುಕೊಂಡು ಒಂದೇ ತರಗತಿಯಲ್ಲಿ ಕಲಿಸಬಹುದು. ಆಗ ಜಾನಪದಕ್ಕೆ ಬೇರೆ ಮೂಲೆ ಬೇಕಾಗುವುದಿಲ್ಲ.

ನಮ್ಮಲ್ಲಿ ಈ ಕೆಲಸ ತಡವಾದದ್ದಕ್ಕೆ ಚರಿತ್ರೆಯ ಕಾರಣವಿದೆ. ಮೈಸೂರಿನಲ್ಲಿ 1927ರಲ್ಲಿ ಕನ್ನಡ ಎಂ.ಎ. ತೊಡಗಿದಾಗ ರಾಯಚೂರು, ಕೊಪ್ಪಳಗಳು ನಿಜಾಮರ ಆಡಳಿತದಲ್ಲಿದ್ದವು, ಉನ್ನತ ಶಿಕ್ಷಣದ ಮಾಧ್ಯಮ ಉರ್ದು; ಬಳ್ಳಾರಿ ಮದ್ರಾಸಿಗೆ ಸೇರಿತ್ತು. ಗುಲಬರ್ಗಾ ವಿಶ್ವವಿದ್ಯಾಲಯ 1980ರಲ್ಲಿ, ಹಂಪಿಯದು 1991ರಲ್ಲಿ, ಬಳ್ಳಾರಿಯದು 2010ರಲ್ಲಿ ಬಂತು. ಅಷ್ಟರೊಳಗೆ ಪಠ್ಯದ ಚೌಕಟ್ಟು ಬೇರೆಡೆ ಸಿದ್ಧವಾಗಿತ್ತು, ನಾವು ಅದನ್ನು ಹಾಗೆಯೇ ತಂದುಕೊಂಡೆವು.

ಉತ್ತರಪತ್ರಿಕೆಯ ವಿಷಯದಲ್ಲಿ ಮಾತ್ರ ನಿಮ್ಮೊಡನೆ ಪೂರ್ತಿ ಒಪ್ಪಲಾರೆ. ಚಾಮರಾಜನಗರದ ಮೌಲ್ಯಮಾಪಕರೂ ಬೀದರಿನ ವಿದ್ಯಾರ್ಥಿಯೂ ಒಬ್ಬರನ್ನೊಬ್ಬರು ತಿಳಿಯಲು ಸಮಾನ ಬರವಣಿಗೆಯ ಕನ್ನಡವೊಂದು ಬೇಕು. ನಮ್ಮ ಹುಡುಗರು ಅದನ್ನು ಚೆನ್ನಾಗಿ ಕಲಿಯಲಿ. ಆದರೆ ವಿದ್ಯಾರ್ಥಿ ಹಾಡಿನ ಸಾಲನ್ನು ಉದ್ಧರಿಸುವಾಗ ಹಾಡುಗಾರನ ಮಾತನ್ನು ಇದ್ದಂತೆ ಬರೆದರೆ, ಅದಕ್ಕೆ ಕೆಂಪು ಗೆರೆ ಎಳೆಯುವುದು ಅನ್ಯಾಯ.

ನಮ್ಮ ಪತ್ರಿಕೆ ತನ್ನ ಪಾಲಿನದನ್ನು ಮಾಡಲು ಸಿದ್ಧವಿದೆ. ನಿಮ್ಮ ವಿದ್ಯಾರ್ಥಿಗಳು ಒಂದೊಂದು ತತ್ತ್ವಪದವನ್ನು ಆರಿಸಿಕೊಂಡು, ನೋಟ್‌ಬುಕ್ಕಿನ ಪಾಠವನ್ನೂ ಹಾಡಿದಾಗ ಕೇಳಿಬಂದ ಪಾಠವನ್ನೂ ಅಕ್ಕಪಕ್ಕ ಬರೆದು ಕಳುಹಿಸಲಿ. ಎಲ್ಲಿ, ಯಾವ ಮೇಳದವರಿಂದ ದೊರೆಯಿತೆಂಬ ವಿವರವಿರಲಿ, ಹಾಡಿದವರ ಒಪ್ಪಿಗೆಯೂ ಇರಲಿ. ಕಠಿಣ ಪದಗಳಿಗೆ ಊರಿನ ಹಿರಿಯರನ್ನು ಕೇಳಿ ಅರ್ಥ ಬರೆಯಲಿ. ಬಂದವುಗಳಲ್ಲಿ ಎಚ್ಚರದಿಂದ ಸಿದ್ಧಪಡಿಸಿದವನ್ನು ಒಂದಕ್ಷರವನ್ನೂ ತಿದ್ದದೆ ಪ್ರಕಟಿಸುತ್ತೇವೆ.

— ಸಂಪಾದಕ