ಬಂದೂಕು ಇಟ್ಟುಕೊಳ್ಳುವ ಹಕ್ಕು, ಹಾರಿಸುವ ಹಕ್ಕು: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನನ್ನ ಮಗ ಎಚ್-1ಬಿ ವೀಸಾದಲ್ಲಿ ಅಮೆರಿಕದ ಟೆಕ್ಸಾಸ್‌ನಲ್ಲಿ ಕೆಲಸದಲ್ಲಿದ್ದಾನೆ. ಸೊಸೆ ಮತ್ತು ಐದು ವರ್ಷದ ಮೊಮ್ಮಗಳು ಜೊತೆಗಿದ್ದಾರೆ. ಪಕ್ಕದ ಬೀದಿಯಲ್ಲಿ ಕಳ್ಳತನವಾದಂದಿನಿಂದ ಒಂದು ಪಿಸ್ತೂಲು ಕೊಂಡಿಟ್ಟುಕೊಳ್ಳುತ್ತೇನೆ ಎನ್ನುತ್ತಿದ್ದಾನೆ. ಅಲ್ಲಿ ಅದು ಎಲ್ಲರಿಗೂ ಇರುವ ಹಕ್ಕು, ಅಂಗಡಿಯಲ್ಲಿ ಗುರುತಿನ ಚೀಟಿ ತೋರಿಸಿದರೆ ಸಾಕು ಎಂಬುದು ಅವನ ವಾದ. ಇದು ನಿಜವೇ?

ಉತ್ತರ: ಹಕ್ಕು ಇದೆ ಎಂಬುದು ನಿಜ, ಅದು ತಮ್ಮ ಮಗನಿಗೂ ಇದೆ ಎಂಬುದು ಸದ್ಯಕ್ಕೆ ನಿಜವಲ್ಲ. ಟೆಕ್ಸಾಸ್‌ನಲ್ಲಿ ಪಿಸ್ತೂಲು ಕೊಳ್ಳಲು ರಾಜ್ಯ ಸರ್ಕಾರದ ಪರವಾನಗಿ ಬೇಕಿಲ್ಲವಾದ್ದರಿಂದ ಅಲ್ಲಿರುವವರಿಗೆ ಕಾನೂನೇ ಇಲ್ಲವೆಂಬ ಭಾವನೆ ಬರುವುದು ಸಹಜ. ಆದರೆ ರಾಜ್ಯದ ಕಾನೂನಿನ ಮೇಲೆ ಒಕ್ಕೂಟ ಸರ್ಕಾರದ ಕಾನೂನೊಂದಿದೆ. 1968ರ ಬಂದೂಕು ನಿಯಂತ್ರಣ ಕಾಯ್ದೆ, ಅದಕ್ಕೆ ಮುಂದೆ ಆದ ತಿದ್ದುಪಡಿಗಳೂ ಸೇರಿ, ಯಾರು ಬಂದೂಕು ಹೊಂದಬಾರದು ಎಂಬ ಪಟ್ಟಿಯನ್ನು ಕೊಡುತ್ತದೆ. ಗಂಭೀರ ಅಪರಾಧದಲ್ಲಿ ಶಿಕ್ಷೆಗೊಳಗಾದವರು, ಮಾದಕವಸ್ತು ಸೇವಿಸುವವರು, ಕೌಟುಂಬಿಕ ಹಿಂಸೆಯ ಪ್ರಕರಣದಲ್ಲಿ ತಪ್ಪಿತಸ್ಥರೆನಿಸಿಕೊಂಡವರು ಇರುವ ಆ ಪಟ್ಟಿಯಲ್ಲೇ ತಾತ್ಕಾಲಿಕ ವೀಸಾದ ಮೇಲೆ ಬಂದ ವಿದೇಶೀಯರೂ ಇದ್ದಾರೆ. ಎಚ್-1ಬಿ ವೀಸಾದವರು ಈ ವರ್ಗಕ್ಕೇ ಸೇರುತ್ತಾರೆ, ಎಚ್-4 ವೀಸಾದಲ್ಲಿರುವ ಪತ್ನಿಯೂ ಹಾಗೆಯೇ. ಗ್ರೀನ್ ಕಾರ್ಡ್ ಪಡೆದವರಿಗೆ ಈ ನಿಷೇಧ ತಾಗುವುದಿಲ್ಲ.

ಪರವಾನಗಿ ಹೊಂದಿದ ಅಂಗಡಿಯಲ್ಲಿ ಕೊಳ್ಳುವಾಗ 4473 ಎಂಬ ಸಂಖ್ಯೆಯ ಫಾರಂ ಭರ್ತಿ ಮಾಡಬೇಕಾಗುತ್ತದೆ. ಪೌರತ್ವ ಯಾವುದು, ತಾತ್ಕಾಲಿಕ ವೀಸಾದವರೇ ಎಂಬ ಪ್ರಶ್ನೆಗಳು ಅದರಲ್ಲೇ ಇವೆ, ಸುಳ್ಳು ಉತ್ತರ ಬರೆಯುವುದು ಪ್ರತ್ಯೇಕ ಅಪರಾಧ. ಬೇಟೆಯ ಪರವಾನಗಿ ಪಡೆದವರಿಗೆ ವಿನಾಯಿತಿ ಇದೆ ಎಂದು ಸ್ನೇಹಿತರು ಹೇಳಿಕೊಟ್ಟಿರಬಹುದು, ಅದು ಸುಳ್ಳಲ್ಲ. ಆದರೆ ಪರವಾನಗಿಯ ಅವಧಿ ಮುಗಿದ ದಿನ ವಿನಾಯಿತಿಯೂ ಮುಗಿಯುತ್ತದೆ, ಪಿಸ್ತೂಲು ಮಾತ್ರ ಕಪಾಟಿನಲ್ಲೇ ಉಳಿದಿರುತ್ತದೆ. ಕಾನೂನು ನಿಷೇಧಿಸುವುದು ಖರೀದಿಯನ್ನಷ್ಟೇ ಅಲ್ಲ, ವಶದಲ್ಲಿಟ್ಟುಕೊಳ್ಳುವುದನ್ನೂ ಕೂಡ. ಆದ್ದರಿಂದ ಸ್ನೇಹಿತನ ಪಿಸ್ತೂಲನ್ನು ನಾಲ್ಕು ದಿನದ ಮಟ್ಟಿಗೆ ತಂದಿಟ್ಟುಕೊಳ್ಳುವುದೂ ಅಷ್ಟೇ ಅಪಾಯಕಾರಿ. ವಿಶ್ವವಿದ್ಯಾಲಯದಿಂದ ಹೊರಹಾಕಲ್ಪಟ್ಟು ವೀಸಾ ಸ್ಥಿತಿ ಕಳೆದುಕೊಂಡಿದ್ದ ಸಂಯುಕ್ತ ಅರಬ್ ಎಮಿರೇಟ್ಸ್‌ನ ವಿದ್ಯಾರ್ಥಿ ರೆಹಾಯಿಫ್ ಫ್ಲಾರಿಡಾದ ಗುಂಡು ಹಾರಿಸುವ ಕೇಂದ್ರವೊಂದಕ್ಕೆ ಹೋಗಿ ಬಂದೂಕು ಹಿಡಿದದ್ದೇ ಮೊಕದ್ದಮೆಗೆ ಸಾಕಾಯಿತು. ತಾನು ನಿಷೇಧಿತ ವರ್ಗದಲ್ಲಿದ್ದೇನೆಂಬುದು ಆರೋಪಿಗೆ ತಿಳಿದಿತ್ತು ಎಂಬುದನ್ನು ಸರ್ಕಾರವೇ ರುಜುವಾತುಪಡಿಸಬೇಕೆಂದು 2019ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಈ ಉತ್ತರವನ್ನು ತಾವು ಮಗನಿಗೆ ಓದಿ ಹೇಳಿದ ಮೇಲೆ ಗೊತ್ತಿರಲಿಲ್ಲವೆಂಬ ವಾದ ಅವನಿಗೆ ದಕ್ಕುವುದಿಲ್ಲ! ಶಿಕ್ಷೆ ಹದಿನೈದು ವರ್ಷದವರೆಗೂ ಹೋಗಬಹುದು. ಬಂದೂಕಿನ ಅಪರಾಧ ಗಡೀಪಾರಿಗೂ ಕಾರಣವಾಗುತ್ತದೆ.

ಪ್ರಶ್ನೆ: ಮನೆಯೊಳಗಿನ ಸಶಸ್ತ್ರ ಆತ್ಮರಕ್ಷಣೆಯನ್ನು ಅಮೆರಿಕದ ಸುಪ್ರೀಂ ಕೋರ್ಟೇ ಸಂವಿಧಾನದ ಹಕ್ಕೆಂದು ಒಪ್ಪಿದ ಮೇಲೆ ಬಂದೂಕು ನಿಯಂತ್ರಣದ ಕಾನೂನುಗಳು ಹೇಗೆ ಉಳಿದಿವೆ?

ಉತ್ತರ: ಹಕ್ಕನ್ನು ಒಪ್ಪಿದ ತೀರ್ಪೇ ಅದರ ಎಲ್ಲೆಯನ್ನೂ ಹೇಳಿದ್ದರಿಂದ ಉಳಿದಿವೆ. ರಾಜಧಾನಿ ವಾಷಿಂಗ್ಟನ್‌ನಲ್ಲಿ 1976ರ ಕಾನೂನಿನಂತೆ ಸಾಮಾನ್ಯ ನಾಗರಿಕರು ಹೊಸದಾಗಿ ಕೈಬಂದೂಕು ಹೊಂದುವಂತಿರಲಿಲ್ಲ. ಮನೆಯಲ್ಲಿರುವ ಉದ್ದ ಬಂದೂಕನ್ನೂ ಗುಂಡು ತೆಗೆದು, ಬಿಡಿಭಾಗಗಳಾಗಿ ಬಿಚ್ಚಿ ಅಥವಾ ಟ್ರಿಗರ್‌ಗೆ ಬೀಗ ಹಾಕಿ ಇಡಬೇಕಿತ್ತು. ಸರ್ಕಾರಿ ಕಟ್ಟಡವೊಂದರಲ್ಲಿ ಕಾವಲಿಗಿದ್ದ ಡಿಕ್ ಹೆಲ್ಲರ್ ಹಗಲೆಲ್ಲ ಸೊಂಟದಲ್ಲಿ ಬಂದೂಕು ಕಟ್ಟಿಕೊಂಡು ಇತರರನ್ನು ಕಾಯಬಹುದಾಗಿತ್ತು, ತನ್ನ ಮನೆಯಲ್ಲಿ ಮಾತ್ರ ಅಂಥದೊಂದನ್ನು ಇಟ್ಟುಕೊಳ್ಳುವಂತಿರಲಿಲ್ಲ. ಆತನ ಮೊಕದ್ದಮೆಯಲ್ಲಿ 2008ರಲ್ಲಿ ನ್ಯಾಯಾಲಯ ಐದಕ್ಕೆ ನಾಲ್ಕರ ಬಹುಮತದಿಂದ, ಸಂವಿಧಾನದ 1791ರ ಎರಡನೆಯ ತಿದ್ದುಪಡಿ ಕೊಡುವುದು ವ್ಯಕ್ತಿಗತ ಹಕ್ಕು ಎಂದೂ, ಅದರ ತಿರುಳು ಆತ್ಮರಕ್ಷಣೆ ಎಂದೂ ಹೇಳಿತು. ಅದೇ ತೀರ್ಪಿನಲ್ಲಿ ನ್ಯಾಯಮೂರ್ತಿ ಸ್ಕಾಲಿಯಾ, ಅಪರಾಧಿಗಳು ಬಂದೂಕು ಹೊಂದದಂತೆ ತಡೆಯುವ, ಶಾಲೆ ಮತ್ತು ಸರ್ಕಾರಿ ಕಟ್ಟಡಗಳಿಗೆ ಒಯ್ಯದಂತೆ ನಿರ್ಬಂಧಿಸುವ, ಮಾರಾಟಕ್ಕೆ ಷರತ್ತು ಹಾಕುವ ಕಾನೂನುಗಳನ್ನು ತಾವು ಪ್ರಶ್ನಿಸುತ್ತಿಲ್ಲವೆಂದು ಸ್ಪಷ್ಟಪಡಿಸಿದರು. 2010ರ ಷಿಕಾಗೋ ಪ್ರಕರಣದಲ್ಲಿ ಈ ಹಕ್ಕು ರಾಜ್ಯಗಳನ್ನೂ ನಗರಗಳನ್ನೂ ಕಟ್ಟಿಹಾಕುತ್ತದೆ ಎಂದಾಯಿತು.

ನಿಜವಾದ ಗೊಂದಲ ಹುಟ್ಟಿದ್ದು 2022ರ ನ್ಯೂಯಾರ್ಕ್ ತೀರ್ಪಿನಿಂದ. ಮನೆಯ ಹೊರಗೂ ಬಂದೂಕು ಒಯ್ಯುವ ಹಕ್ಕಿದೆ ಎಂದ ನ್ಯಾಯಾಲಯ, ಯಾವುದೇ ನಿರ್ಬಂಧ ದೇಶದ ಐತಿಹಾಸಿಕ ಪರಂಪರೆಗೆ ಹೊಂದಬೇಕೆಂಬ ಅಳತೆಗೋಲನ್ನೂ ಕೊಟ್ಟಿತು. ಕೆಳಗಿನ ನ್ಯಾಯಾಲಯಗಳ ನ್ಯಾಯಾಧೀಶರು ಅಂದಿನಿಂದ ಹದಿನೆಂಟನೆಯ ಶತಮಾನದ ಕಡತಗಳನ್ನು ತಡಕಾಡುವ ಇತಿಹಾಸಕಾರರಾಗಿಬಿಟ್ಟಿದ್ದಾರೆ; ಇದು ಒಳ್ಳೆಯ ಅಳತೆಗೋಲೆಂದು ನನಗೆ ಅನ್ನಿಸುವುದಿಲ್ಲ. ಎರಡು ವರ್ಷದ ಬಳಿಕ ರಹಿಮಿ ಪ್ರಕರಣದಲ್ಲಿ, ಕೌಟುಂಬಿಕ ಹಿಂಸೆಯ ತಡೆಯಾಜ್ಞೆ ಇರುವವರಿಂದ ಬಂದೂಕು ದೂರವಿಡುವ ಕಾನೂನನ್ನು ಎಂಟಕ್ಕೆ ಒಂದರಂತೆ ಎತ್ತಿಹಿಡಿದು ನ್ಯಾಯಾಲಯವೇ ತನ್ನ ಮಾತನ್ನು ತುಸು ಸಡಿಲಿಸಿತು.

ಪ್ರಶ್ನೆ: ರಾತ್ರಿ ಮನೆಗೆ ನುಗ್ಗಿದ ಕಳ್ಳನನ್ನು ಗುಂಡಿಟ್ಟು ಕೊಂದರೆ ಅಲ್ಲಿ ಅಪರಾಧವೇ ಅಲ್ಲವಂತೆ. ಹೌದೇ?

ಉತ್ತರ: ಎಷ್ಟೋ ಸಲ ಅಪರಾಧವಲ್ಲ, ಆದರೆ "ನುಗ್ಗಿದ" ಎಂಬುದೊಂದೇ ಸಂಗತಿ ಎಲ್ಲವನ್ನೂ ತೀರ್ಮಾನಿಸುವುದಿಲ್ಲ. ಬಂದೂಕು ಇಟ್ಟುಕೊಳ್ಳಬಹುದೇ ಎಂಬುದನ್ನು ಸಂವಿಧಾನವೂ ಒಕ್ಕೂಟದ ಕಾನೂನೂ ನಿರ್ಧರಿಸಿದರೆ, ಅದನ್ನು ಮನುಷ್ಯನ ಮೇಲೆ ಹಾರಿಸಿದ್ದು ಸರಿಯೇ ಎಂಬುದನ್ನು ಬಹುಮಟ್ಟಿಗೆ ಆಯಾ ರಾಜ್ಯದ ಅಪರಾಧ ಕಾನೂನು ನಿರ್ಧರಿಸುತ್ತದೆ. ಮೊದಲನೆಯದಕ್ಕೆ ಅರ್ಹನಾದವನು ಎರಡನೆಯದರಲ್ಲಿ ಕೊಲೆಗಾರನೆನಿಸಿಕೊಳ್ಳಬಹುದು.

ಮನೆಯೆಂಬುದು ಅದರ ಒಡೆಯನಿಗೆ ಕೋಟೆಯಿದ್ದಂತೆ ಎಂಬ ಮಾತು 1604ರ ಇಂಗ್ಲೆಂಡಿನ ಮೊಕದ್ದಮೆಯೊಂದರಿಂದ ಬಂದದ್ದು. ಅದರಿಂದ ಬೆಳೆದ ನಿಯಮದಂತೆ, ಹೊರಗೆ ದಾಳಿಗೊಳಗಾದವನು ಸಾಧ್ಯವಿದ್ದರೆ ಹಿಂದೆ ಸರಿಯಬೇಕೆಂದು ಹೇಳುವ ರಾಜ್ಯಗಳು ಕೂಡ ಮನೆಯೊಳಗೆ ಆ ಹೊಣೆಯನ್ನು ಹೊರಿಸುವುದಿಲ್ಲ. ಬಲವಂತವಾಗಿ ನುಗ್ಗಿದವನ ವಿರುದ್ಧ ಮನೆಯವರಿಗಿದ್ದ ಪ್ರಾಣಭಯ ನ್ಯಾಯವಾದದ್ದೇ ಎಂದು ಕ್ಯಾಲಿಫೋರ್ನಿಯಾದ ಕಾನೂನು ಊಹಿಸಿಕೊಳ್ಳುತ್ತದೆ. ರಾತ್ರಿಯ ಕಳ್ಳತನ ತಡೆಯಲು ಕೆಲವು ಷರತ್ತುಗಳೊಡನೆ ಮಾರಕ ಬಲ ಬಳಸಲು ಬಿಡುವ ಟೆಕ್ಸಾಸ್ ಇನ್ನೂ ಮುಂದೆ ಹೋಗುತ್ತದೆ. ಬರಿಯ ಸೊತ್ತಿಗಾಗಿ ಪ್ರಾಣ ತೆಗೆಯುವುದನ್ನು ಉಳಿದ ರಾಜ್ಯಗಳು ಸಾಮಾನ್ಯವಾಗಿ ಒಪ್ಪುವುದಿಲ್ಲ.

ಎಲ್ಲೆ ಎಲ್ಲಿದೆ ಎಂಬುದಕ್ಕೆ ಮಿನ್ನೆಸೋಟಾ ರಾಜ್ಯದ 2012ರ ಘಟನೆಯನ್ನು ನೋಡಬೇಕು. ಬೈರನ್ ಸ್ಮಿತ್ ಎಂಬ ನಿವೃತ್ತರ ಮನೆಯಲ್ಲಿ ಹಿಂದೆಯೂ ಕಳ್ಳತನವಾಗಿತ್ತು. ಆ ದಿನ ಆತ ಮನೆಯಲ್ಲಿ ಯಾರೂ ಇಲ್ಲವೆಂದು ಕಾಣುವಂತೆ ತನ್ನ ವಾಹನವನ್ನು ಬೇರೆಡೆ ನಿಲ್ಲಿಸಿ, ನೆಲಮಾಳಿಗೆಯ ಕುರ್ಚಿಯಲ್ಲಿ ಬಂದೂಕುಗಳೊಡನೆ ಕಾದು ಕುಳಿತ. ಒಬ್ಬರ ಹಿಂದೊಬ್ಬರಂತೆ ಮೆಟ್ಟಿಲಿಳಿದು ಬಂದ ಇಬ್ಬರು ಹದಿಹರೆಯದವರಿಗೆ ಗುಂಡು ಹೊಡೆದ. ಗಾಯಗೊಂಡು ಬಿದ್ದ ಮೇಲೂ ಹೊಡೆದ. ಪೊಲೀಸರಿಗೆ ಸುದ್ದಿ ಮುಟ್ಟಿದ್ದು ಮರುದಿನ. ಇಷ್ಟನ್ನೂ ಆತನೇ ಇಟ್ಟಿದ್ದ ಧ್ವನಿಮುದ್ರಣ ಯಂತ್ರ ದಾಖಲಿಸಿತ್ತು. ಅವರು ಅತಿಕ್ರಮವಾಗಿ ಒಳಬಂದಿದ್ದರೆಂಬುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ, ಆದರೂ 2014ರಲ್ಲಿ ಜ್ಯೂರಿ ಆತನನ್ನು ಉದ್ದೇಶಪೂರ್ವಕ ಕೊಲೆಗಾರನೆಂದೇ ತೀರ್ಮಾನಿಸಿತು, ಜೀವಾವಧಿ ಶಿಕ್ಷೆಯಾಯಿತು. ಅಪಾಯ ಮುಗಿದ ಕ್ಷಣದಲ್ಲಿ ಆತ್ಮರಕ್ಷಣೆಯ ಹಕ್ಕೂ ಮುಗಿಯುತ್ತದೆ ಎಂಬುದನ್ನು ಇದಕ್ಕಿಂತ ಕಟುವಾಗಿ ತೋರಿಸುವ ಪ್ರಕರಣ ನನಗೆ ಗೊತ್ತಿಲ್ಲ.

ಹಾಗೆಂದು ತೀರ್ಪು ಯಾವಾಗಲೂ ಹೀಗೆಯೇ ಬರುವುದಿಲ್ಲ. 1992ರಲ್ಲಿ ಲೂಸಿಯಾನಾದಲ್ಲಿ ಹ್ಯಾಲೋವೀನ್ ಔತಣಕ್ಕೆ ಹೊರಟ ಹದಿನಾರರ ಜಪಾನಿ ವಿದ್ಯಾರ್ಥಿ ಯೊಶಿಹಿರೊ ಹತ್ತೋರಿ ವಿಳಾಸ ತಪ್ಪಿ ಬೇರೊಂದು ಮನೆಯ ಕರೆಗಂಟೆ ಒತ್ತಿದ. ನಿಲ್ಲೆಂದರೂ ನಿಲ್ಲದೆ ಹತ್ತಿರ ಬಂದನೆಂದು ಮನೆಯ ಯಜಮಾನ ಗುಂಡು ಹೊಡೆದ. ಕ್ರಿಮಿನಲ್ ನ್ಯಾಯಾಲಯದಲ್ಲಿ ಆತ ಖುಲಾಸೆಯಾದ. ಅದೇ ಕೃತ್ಯಕ್ಕೆ ಸಿವಿಲ್ ನ್ಯಾಯಾಲಯ ಆರೂವರೆ ಲಕ್ಷ ಡಾಲರಿಗೂ ಹೆಚ್ಚಿನ ಪರಿಹಾರ ವಿಧಿಸಿತು. ಕ್ರಿಮಿನಲ್ ಮೊಕದ್ದಮೆಯಲ್ಲಿ ಗೆದ್ದವರು ಈ ಎರಡನೆಯ ಬಾಗಿಲನ್ನು ಮರೆಯಬಾರದು.

ಪ್ರಶ್ನೆ: ಹೊಸದಾಗಿ ಪೌರತ್ವ ಪಡೆದ ನಮ್ಮ ತಮ್ಮ ಅಲ್ಲಿ ಬಂದೂಕು ಕೊಂಡಿದ್ದಾನೆ, ಹಾಸಿಗೆಯ ಪಕ್ಕದ ಡ್ರಾಯರ್‌ನಲ್ಲಿಡುತ್ತಾನೆ. ಮಕ್ಕಳಿರುವ ಮನೆ. ಬೀಗ ಹಾಕಿದರೆ ಬೇಕಾದಾಗ ಸಿಗದಂತೆ.

ಉತ್ತರ: ಸೆಕೆಂಡುಗಳಲ್ಲಿ ಬೆರಳಚ್ಚಿನಿಂದಲೋ ಸಂಖ್ಯೆಯಿಂದಲೋ ತೆರೆಯುವ ಚಿಕ್ಕ ಪೆಟ್ಟಿಗೆಗಳು ಬಂದಿರುವಾಗ ಈ ನೆಪ ನಿಲ್ಲುವುದಿಲ್ಲ. ವಾಷಿಂಗ್ಟನ್‌ನ ಬೀಗದ ನಿಯಮ ಬಿದ್ದುಹೋದದ್ದು ಆತ್ಮರಕ್ಷಣೆಯ ಕ್ಷಣಕ್ಕೂ ವಿನಾಯಿತಿ ಕೊಡಲಿಲ್ಲವೆಂಬ ಕಾರಣಕ್ಕೆ. ಮ್ಯಾಸಚೂಸೆಟ್ಸ್‌ನಲ್ಲಿ ಬಂದೂಕು ಒಡೆಯನ ಕೈಯಳತೆಯಲ್ಲಿ ಇಲ್ಲದಿರುವಾಗ ಬೀಗದಲ್ಲೇ ಇರಬೇಕು. ಬಂದೂಕಿಗೆ ಉದಾರವಾದ ಟೆಕ್ಸಾಸ್‌ನಲ್ಲೂ ಗುಂಡು ತುಂಬಿದ್ದು ಮಗುವಿನ ಕೈಗೆ ಸಿಗುವಂತೆ ಬಿಟ್ಟರೆ ಅದು ಅಪರಾಧ. ಕಳ್ಳನ ಲೆಕ್ಕವನ್ನೊಂದೇ ಹಾಕಿದರೂ ಸಾಲದು. 2021ರಲ್ಲಿ ಅಮೆರಿಕದಲ್ಲಿ ಬಂದೂಕಿನಿಂದ ಸತ್ತ 48,830 ಜನರಲ್ಲಿ 26,328 ಮಂದಿಯದು ಆತ್ಮಹತ್ಯೆ. ಮನೆಯಲ್ಲಿ ಯಾರಾದರೂ ಖಿನ್ನತೆಯಲ್ಲಿದ್ದರೆ, ಅವರು ಚೇತರಿಸಿಕೊಳ್ಳುವವರೆಗೆ ಬಂದೂಕನ್ನು ಮನೆಯಿಂದಲೇ ಹೊರಗೆ, ಕಾನೂನಿನಂತೆ ಇಟ್ಟುಕೊಳ್ಳಬಲ್ಲ ಇನ್ನೊಬ್ಬರ ವಶದಲ್ಲಿ ಬಿಡುವುದನ್ನು ತಮ್ಮನೊಡನೆ ಇಂದೇ ಮಾತಾಡಿ.