ಮಧ್ಯಮ ಹಂತದ ಫಿಡಲ್‌ಗೆ ಯಾವ ಐರಿಷ್ ಬೇಸಿಗೆ ಶಾಲೆ?

ಜಿಗ್, ರೀಲ್‌ನಂಥ ಐರಿಷ್ ಕುಣಿತದ ಟ್ಯೂನ್‌ಗಳು ಬರುತ್ತವೆ, ಆದರೆ ಸೆಷನ್‌ನಲ್ಲಿ (ಎಲ್ಲರೂ ಕೂತು ಒಟ್ಟಿಗೆ ನುಡಿಸುವ ಕೂಟದಲ್ಲಿ) ವೇಗ ಸಾಲುವುದಿಲ್ಲ, ಮಿಲ್ಟೌನ್ ಮಾಲ್ಬೇ ಊರಿನ ಬೇಸಿಗೆ ಶಾಲೆಗೆ ಹೋಗಬಹುದಾ ಎಂದು ಕೇಳಿದ್ದೀರಿ. ಧಾರಾಳವಾಗಿ ಹೋಗಬಹುದು. ಆದರೂ ಮೊದಲ ಸಲಕ್ಕೆ ನನ್ನ ಓಟು ಟಬ್ಬರ್‌ಕರಿ ಊರಿನ ಶಾಲೆಗೆ.

ಮಿಲ್ಟೌನ್‌ನ ವಿಲ್ಲಿ ಕ್ಲ್ಯಾನ್ಸಿ ಶಾಲೆ 1973ರಲ್ಲಿ ಶುರುವಾಯಿತು. ಜುಲೈ ಆರಂಭದ ಆ ವಾರ ಕ್ಲೇರ್ ಕೌಂಟಿಯ ಆ ಪುಟ್ಟ ಊರಿನಲ್ಲಿ ಜಾತ್ರೆಯೇ ನಡೆಯುತ್ತದೆ. ರೂಮು ತಿಂಗಳುಗಟ್ಟಲೆ ಮೊದಲೇ ಹಿಡಿಯಬೇಕು. ಕೇಳುವುದಕ್ಕೆ ಸ್ವರ್ಗ. ಆದರೆ ದೊಡ್ಡ ಕಲಾವಿದರ ಪಕ್ಕ ಕೂತು ಬಿಲ್ಲು ಎತ್ತೋಕೆ ಧೈರ್ಯ ಬೇಕು, ಅಲ್ವಾ?

ಟಬ್ಬರ್‌ಕರಿಯ ಸೌತ್ ಸ್ಲೈಗೋ ಶಾಲೆಯೂ ಜುಲೈನಲ್ಲೇ, ಆದರೆ ಚಿಕ್ಕದು. 1920ರ ದಶಕದಲ್ಲಿ ನ್ಯೂಯಾರ್ಕ್‌ನಲ್ಲಿ ರೆಕಾರ್ಡ್ ಮಾಡಿ ಹೆಸರಾದ ಫಿಡಲ್ ವಾದಕ ಮೈಕಲ್ ಕೋಲ್‌ಮನ್ ಆ ಸುತ್ತಮುತ್ತಲಿನವರೇ. ಸ್ಲೈಗೋ ಶೈಲಿ ಚುರುಕು, ರೋಲ್‌ಗಳು (ಒಂದು ಸ್ವರದ ಸುತ್ತ ಬೆರಳಿನಿಂದ ಹಾಕುವ ಅಲಂಕಾರ) ಜಾಸ್ತಿ. ನಿಮಗೆ ಬೇಕಿರುವುದೂ ಅದೇ ಅನ್ನಿಸುತ್ತದೆ. ನಿಧಾನದ, ತೂಗಾಡುವ ಲಯ ಇಷ್ಟ ಅಂದರೆ ಮಾತ್ರ ಕ್ಲೇರ್ ಕಡೆ ಹೋಗಿ. ಲೀಟ್ರಿಮ್‌ನ ಡ್ರಮ್‌ಶಾನ್ಬೋದಲ್ಲಿ ಜೋ ಮೂನಿ ಶಾಲೆಯೂ ಇದೆ, ಅದೂ ಒಳ್ಳೆಯದೇ.

ಎಲ್ಲೇ ಹೋದರೂ ಪಾಠ ಹೆಚ್ಚಾಗಿ ಕಿವಿಯಿಂದಲೇ. ಟೀಚರ್ ನಾಲ್ಕು ಸ್ವರದ ತುಣುಕು ನುಡಿಸುತ್ತಾರೆ, ಎಲ್ಲರೂ ವಾಪಸ್ ನುಡಿಸಬೇಕು, ಆಮೇಲೆ ಮುಂದಿನ ತುಣುಕು. ನೊಟೇಶನ್ ನೋಡಿ ಕಲಿತವರು ಇಲ್ಲೇ ತಡವರಿಸೋದು. ಈಗಿನಿಂದಲೇ ವಾರಕ್ಕೊಂದು ಟ್ಯೂನ್ ಹಾಳೆ ಮುಟ್ಟದೆ ಕಲಿಯಿರಿ.

ಹೆಸರು ಕೊಡುವಾಗ ಮಟ್ಟವನ್ನು ಸುಮ್ನೆ ಏರಿಸಿ ಬರೆಯಬೇಡಿ. ಫೋನ್‌ನಲ್ಲಿ ಪಾಠ ರೆಕಾರ್ಡ್ ಮಾಡುವ ಮುಂಚೆ ಟೀಚರನ್ನು ಒಂದು ಮಾತು ಕೇಳಿ.